ಮೈಮಡಿಕೆಯ ಕೊಳೆರೋಗ

ಮೂಗು ಮುಚ್ಚಿಕೊಂಡ ನರ್ಸಿಗೆ ಯಾವ ಹೆಂಗಸೂ ರವಿಕೆ ಬಿಚ್ಚಿ ತೋರಿಸುವುದಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿ ನನ್ನನ್ನು ಮಾತಾಡಿಸಲು ಬರುವ ಹುಡುಗಿಯರಿಗೆ ನಾನು ಮೊದಲು ಹೇಳುವುದೇ ಇದನ್ನು. ಅವರು ಕಿಸಕ್ಕನೆ ನಗುತ್ತಾರೆ. “ಅದಿರ್ಲಿ ಆಂಟಿ, ಹಾವು ಕಚ್ಚಿದ ಕೇಸು ಹೇಳಿ, ಜೀಪಲ್ಲಿ ಹೆರಿಗೆ ಆಗಿದ್ದು ಹೇಳಿ” ಎನ್ನುತ್ತಾರೆ. ಅವನ್ನೆಲ್ಲ ಯಾರು ಬೇಕಾದರೂ ಹೇಳುತ್ತಾರೆ ಕಣ್ರಮ್ಮಾ. ಹಾವು ಕಚ್ಚಿದವರು ಊರೆಲ್ಲ ಕೇಳುವಂತೆ ಕೂಗಿಕೊಂಡು ಬರುತ್ತಾರೆ. ಕೂಗಲಾರದೆ ಬಂದವರ ಕತೆ ನನ್ನ ಹತ್ತಿರ ಇದೆ, ಬೇಕಾದರೆ ಕೂತು ಕೇಳಿ.

ನಾನು ಅರಸೀಕೆರೆ ಕಡೆಯವಳು. ನಮ್ಮಲ್ಲಿ ಬಟ್ಟೆ ಒಗೆದು ಬೇಲಿಯ ಮೇಲೆ ಹರವಿದರೆ ಕಾಫಿ ಕುಡಿದು ಬರುವಷ್ಟರಲ್ಲಿ ಒಣಗಿರುತ್ತದೆ. ಅಂಥವಳನ್ನು ತಂದು ಸಕಲೇಶಪುರದ ಕಾಫಿ ಸೀಮೆಯಲ್ಲಿ, ಹೊಂಗಡಹಳ್ಳದಿಂದಲೂ ಆಚೆಗಿನ ಒಂದು ಊರಿನ ಆರೋಗ್ಯ ಉಪಕೇಂದ್ರಕ್ಕೆ ನರ್ಸಾಗಿ ಹಾಕಿದರು. ಊರಿನ ಹೆಸರು ಬೇಡ, ಈ ಕತೆಯಲ್ಲಿ ಬರುವವರಲ್ಲಿ ಒಬ್ಬಿಬ್ಬರು ಇನ್ನೂ ಅಲ್ಲೇ ಇದ್ದಾರೆ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ಬಂದರೂ ಬಿಡಲೊಲ್ಲದು. ನನ್ನ ಬಿಳಿ ಸೀರೆಯ ನೆರಿಗೆಯಲ್ಲಿ ಕಪ್ಪು ಚುಕ್ಕಿ ಬಂತು, ಚಪ್ಪಲಿಗೆ ಬೂಷ್ಟು ಬಂತು, ಕೊನೆಗೆ ಲಸಿಕೆ ಬರೆಯುವ ರಿಜಿಸ್ಟರಿಗೂ ಬೂಷ್ಟು ಬಂತು.

ಬಂದ ಮೊದಲ ಮಳೆಗಾಲದಲ್ಲೇ ಒಂದು ಎಸ್ಟೇಟಿನ ಲೈನಿಗೆ, ಅಂದರೆ ಕೂಲಿಯವರ ಮನೆಸಾಲಿಗೆ, ಹೋಗಿದ್ದೆ. ಒಬ್ಬಳು ಕೂಲಿ ಹೆಂಗಸು ನನ್ನನ್ನು ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, ರವಿಕೆಯ ಗುಂಡಿ ಬಿಚ್ಚಿದಳು. ಎದೆಯ ಕೆಳಗಿನ ಮಡಿಕೆಯಲ್ಲಿ ಚರ್ಮ ಕೆಂಪಗೆ ಹಸಿಯಾಗಿತ್ತು. ಆ ವಾಸನೆಯೋ, ನೆನೆದ ಹಿಂಡಿ ಹುಳಿತ ಹಾಗೆ. ನನ್ನ ಕೈ ನನ್ನ ಮಾತು ಕೇಳದೆ ಸೆರಗನ್ನು ಮೂಗಿಗೆ ಒಯ್ದುಬಿಟ್ಟಿತು. ಅವಳು ಗುಂಡಿ ಹಾಕಿಕೊಂಡಳು. ಮುಂದಿನ ತಿಂಗಳು ಹೋದಾಗ ಮನೆಯೊಳಗೆ ಇದ್ದೂ ಬಾಗಿಲು ತೆಗೆಯಲಿಲ್ಲ.

ಇದನ್ನು ನಮ್ಮ ಮೇಲ್ವಿಚಾರಕಿಯ ಹತ್ತಿರ ಹೇಳಿದೆ. ಆಕೆ ನಿವೃತ್ತಿಗೆ ಹತ್ತಿರವಿದ್ದ ಹೆಂಗಸು, ಎಲೆ ಅಡಿಕೆ ಹಾಕುತ್ತಿದ್ದರು, ಬಾಯಿ ಬಿಟ್ಟರೆ ಬೈಗುಳ. “ಮೂಗು ಮುಚ್ಕೊಳೋ ಹಾಗಿದ್ರೆ ಕೆಲಸ ಬಿಟ್ಟು ನಿಮ್ಮೂರಿಗೆ ಹೋಗಿ ರಾಗಿ ಬೀಸು, ಹೋಗು” ಎಂದರು. ಆಮೇಲೆ ಸ್ವಲ್ಪ ತಣ್ಣಗಾಗಿ, “ಬಾಯಲ್ಲಿ ಉಸಿರಾಡು. ಮಾತಾಡ್ತಾನೇ ಇರು. ಮಾತಾಡೋಳ ಮೂಗಿನ ಕಡೆ ಯಾರೂ ನೋಡಲ್ಲ” ಎಂದು ಹೇಳಿಕೊಟ್ಟರು. ನಾನು ಇಷ್ಟು ವಾಚಾಳಿ ಹೇಗಾದೆ ಎಂದು ನನ್ನ ಗಂಡ ಕೇಳುತ್ತಿದ್ದರು. ಹೀಗೇ ಆದದ್ದು.

ಆದರೆ ಮೂಗು ಮುಚ್ಚದೆ ಇದ್ದ ಮಾತ್ರಕ್ಕೆ ನನಗೆ ಬುದ್ಧಿ ಬಂದಿತ್ತು ಎಂದುಕೊಳ್ಳಬೇಡಿ. ನನ್ನ ತಲೆಯಲ್ಲಿ ಇದ್ದದ್ದು ಒಂದೇ: ವಾಸನೆ ಎಂದರೆ ಕೊಳಕು, ಕೊಳಕು ಎಂದರೆ ಸ್ನಾನ ಮಾಡದವರು. ಯಾರು ಬಂದರೂ “ಚೆನ್ನಾಗಿ ಸೋಪು ಹಾಕಿ ಸ್ನಾನ ಮಾಡಿ” ಎಂದು ಕಳಿಸುತ್ತಿದ್ದೆ. ಅವರ ಒಳಬಟ್ಟೆ ಎಲ್ಲಿ ಒಣಗುತ್ತದೆ ಎಂದು ಹತ್ತು ವರ್ಷ ಕೇಳಲಿಲ್ಲ. ಗಂಡಸರ ಪಂಚೆ ಒಲೆಯ ಮೇಲಿನ ಹಗ್ಗದಲ್ಲಿ ಬೆಚ್ಚಗೆ ತೂಗಾಡುತ್ತಿರುತ್ತದೆ. ಹೆಂಗಸರ ರವಿಕೆ, ಒಳಲಂಗ ಮಾತ್ರ ಯಾರ ಕಣ್ಣಿಗೂ ಬೀಳಬಾರದು, ಆದ್ದರಿಂದ ಕತ್ತಲೆ ಕೋಣೆಯ ಮೂಲೆಯಲ್ಲಿ, ಅದೂ ಒಂದು ಹಳೇ ಸೀರೆಯ ಅಡಿಯಲ್ಲಿ. ನಾಲ್ಕು ದಿನವಾದರೂ ಒಣಗದು. ತಣ್ಣಗೆ ಹಸಿಹಸಿಯಾಗಿರುವಾಗಲೇ ತೊಟ್ಟುಕೊಂಡು ಕೆಲಸಕ್ಕೆ ಇಳಿಯುತ್ತಾರೆ. ನನ್ನ ಬಟ್ಟೆಯನ್ನೂ ನಾನು ಹಾಗೇ ಒಣಗಿಸುತ್ತಿದ್ದೆ, ಆದರೂ ಹೊಳೆಯಲಿಲ್ಲ ನೋಡಿ!

ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲ, ಲಸಿಕೆಯ ದಿನ, ಲಕ್ಕಮ್ಮ ಬಂದರು. ನಾಲ್ಕೈದು ಎಕರೆ ಕಾಫಿ ಇದ್ದ ತಿಮ್ಮೇಗೌಡರ ಹೆಂಡತಿ. ವಯಸ್ಸು ನಲವತ್ತೈದರ ಆಸುಪಾಸು, ದಪ್ಪ ಮೈ, ದೊಡ್ಡ ದನಿ. ಊರಿನ ಯಾವ ಮದುವೆಯಲ್ಲೂ ಕಡುಬಿನ ಹಂಡೆಯ ಮುಂದೆ ನಿಲ್ಲುತ್ತಿದ್ದವರು ಅವರೇ. ಅಂಥವರು ಅವತ್ತು ಬೆಂಚಿನ ಮೇಲೆ ಕೂರದೆ ಬಾಗಿಲ ಹೊರಗೆ ಗಾಳಿ ಬೀಸುವ ಕಡೆ ನಿಂತಿದ್ದರು. ಮಕ್ಕಳ ತಾಯಂದಿರೆಲ್ಲ ಹೋದ ಮೇಲೆ ಒಳಗೆ ಬಂದರು.

“ನರ್ಸಮ್ಮ, ತುರಿಕೆಗೆ ಏನಾರಾ ಕೊಡಿ.”

“ಎಲ್ಲಿ?”

“ಇಲ್ಲೇ, ಮೈಮೇಲೆ.”

ಎಲ್ಲಿ ಎಂದು ಇನ್ನೊಮ್ಮೆ ಕೇಳಬೇಕಿತ್ತು, ನೋಡಬೇಕಿತ್ತು. ಊಟದ ಹೊತ್ತಾಗಿತ್ತು. ಹುಳುಕಡ್ಡಿಗೆ ಕೊಡುವ ಮುಲಾಮಿನ ಡಬ್ಬಿ ಕೊಟ್ಟು, “ಸ್ವಲ್ಪ ಉರಿಯುತ್ತೆ. ಉರಿದ್ರೆ ಒಳ್ಳೇದು, ಔಷಧಿ ಹಿಡೀತಾ ಇದೆ ಅಂತ ಅರ್ಥ” ಎಂದೆ. ಎಂಥ ಮಾತು ಆಡಿದೆ ನೋಡಿ! ಆ ಮುಲಾಮು ಒಣ ಚರ್ಮಕ್ಕೆ ಹಚ್ಚುವಂಥದ್ದು, ಹಸಿ ಗಾಯಕ್ಕಲ್ಲ. ಜೊತೆಗೆ, “ದಿನಾ ಸ್ನಾನ ಮಾಡ್ತೀರಾ?” ಎಂದೂ ಕೇಳಿದೆ.

ಲಕ್ಕಮ್ಮ ನನ್ನ ಮುಖ ನೋಡಿದರು. “ಮೂರ್ ಹೊತ್ತು ಮಾಡ್ತೀನಿ ಕಣ್ರೀ. ಬಟ್ಟೆ ಸೋಪಲ್ಲಿ ತಿಕ್ತೀನಿ, ತೆಂಗಿನ ನಾರಲ್ಲಿ ತಿಕ್ತೀನಿ. ಹೋಗಲ್ದು. ನನ್ ಮೂಗಿಗೇ ನಾನು ನಾತ ಹೊಡೀತೀನಿ” ಎಂದವರೇ ಸೆರಗು ಕಣ್ಣಿಗೆ ಒತ್ತಿಕೊಂಡು ಅತ್ತುಬಿಟ್ಟರು. ಮೂರು ಹೊತ್ತು! ನಾನು ವಾರಕ್ಕೆ ಮೂರು ಸಲ ಎಂದುಕೊಂಡಿದ್ದೆ.

ಆಮೇಲೆ ಒಂದೊಂದೇ ಹೊರಗೆ ಬಂತು. ಒಬ್ಬಳೇ ಮಗಳು ಸುಮಿತ್ರಾ, ಆಲೂರು ಕಡೆಗೆ ಕೊಟ್ಟಿದ್ದರು. ಈಗ ಐದನೇ ತಿಂಗಳು, ಚೊಚ್ಚಲು. ಲಕ್ಕಮ್ಮ ನೋಡಿಕೊಂಡು ಬರಲು ಹೋಗಿದ್ದಾಗ ಮಗಳು ಹತ್ತಿರ ಬರಲಿಲ್ಲವಂತೆ. ಪಕ್ಕದಲ್ಲಿ ಮಲಗಲು ಹೋದರೆ, “ನೀನು ಆಚೆ ಕ್ವಾಣೇಲಿ ಮಲಿಕ್ಕೊಳವ್ವ” ಎಂದಳಂತೆ. ತಲೆ ಬಾಚುತ್ತೇನೆ ಎಂದರೆ ಬೇಡ ಎಂದಳಂತೆ. ಹೊರಡುವಾಗ ಬಾಣಂತನದ ಮಾತೆತ್ತಿದರೆ, “ನಾ ಬರಲ್ಲ. ಇಲ್ಲೇ ಆಗ್ಲಿ, ಅತ್ತೆ ನೋಡ್ಕತಾರೆ” ಎಂದು ಒಳಗೆ ಹೋದಳಂತೆ.

“ಚೊಚ್ಚಲ ಬಾಣಂತನ ಕಣ್ರೀ. ಯಾರಾರಾ ಅತ್ತೆ ಮನೇಲಿ ಮಾಡ್ಸಕತ್ತಾರಾ? ಊರವ್ರು ಕೇಳಿದ್ರೆ ನಾನೇನಂತ ಹೇಳ್ಲಿ, ನನ್ ಮಗ್ಳು ನನ್ ನಾತಕ್ಕೆ ಹೇಸ್ಕಂಡು ಬರ್ಲಿಲ್ಲ ಅಂತನಾ? ಏಳು ತುಂಬೋದ್ರೊಳಗೆ ಇದು ಹೋಗ್ಬೇಕು. ಹೆಂಗಾರಾ ಮಾಡಿ ಹೋಗ್ಸಿ.”

ಎರಡು ತಿಂಗಳು ಇತ್ತು. “ಹೋಗುತ್ತೆ ಬಿಡಿ, ಯಾಕೆ ಅಳ್ತೀರಾ” ಎಂದೆ. ನನಗೇನು ಗೊತ್ತಿತ್ತು ಹೋಗುತ್ತದೆಂದು? ಸುಮ್ಮನೆ ಅಂದದ್ದು.

ಹದಿನೈದು ದಿನ ಕಳೆದು ಊರಿನ ಮಹಿಳಾ ಮಂಡಳಿಯಲ್ಲಿ ನೈರ್ಮಲ್ಯದ ಮೇಲೆ ಮಾತಾಡಬೇಕಾಗಿ ಬಂತು. ಮೇಲಿನಿಂದ ಕಳಿಸಿದ ಹಾಳೆಯಲ್ಲಿ ‘ಶಿಲೀಂಧ್ರ ಸೋಂಕು’ ಎಂದು ಇತ್ತು. ಅದನ್ನು ಓದಿದರೆ ಹೆಂಗಸರು ಆಕಳಿಸುತ್ತಾರೆ. ನನಗೆ ಇದ್ದಕ್ಕಿದ್ದಂತೆ ಒಂದು ಹೋಲಿಕೆ ಹೊಳೆಯಿತು. ಕಾಫಿಗೆ ಮಳೆಗಾಲದಲ್ಲಿ ಕೊಳೆರೋಗ ಬರುವುದು ಅಲ್ಲಿನ ಪ್ರತಿಯೊಬ್ಬ ಹೆಂಗಸಿಗೂ ಗೊತ್ತು. ಎಲೆಗೆ ಎಲೆ ಅಂಟಿಕೊಂಡು, ಗಾಳಿ ಬೆಳಕು ಆಡದ ಕಡೆ, ಎಲೆ ಕಪ್ಪಾಗಿ ಕೊಳೆತು ಜೋತುಬೀಳುತ್ತದೆ.

“ನಿಮ್ಮ ಮೈಯಲ್ಲೂ ಅದೇ ಕಣ್ರಮ್ಮಾ” ಎಂದೆ. “ಎದೆ ಕೆಳಗೆ, ಹೊಟ್ಟೆ ಮಡಿಕೇಲಿ, ತೊಡೆ ಸಂದೀಲಿ, ಕಂಕುಳಲ್ಲಿ ಚರ್ಮಕ್ಕೆ ಚರ್ಮ ಅಂಟ್ಕೊಂಡಿರುತ್ತೆ. ಬೆವರು, ನೀರು ನಿಲ್ಲುತ್ತೆ. ಅಲ್ಲಿ ಬರೋದು ಕೊಳೆರೋಗವೇ. ನಾಚಿಕೆ ಪಡೋಂಥದ್ದು ಏನೂ ಇಲ್ಲ.”

ಎಲ್ಲರೂ ತಲೆ ಎತ್ತಿದರು. ಹಿಂದಿನ ಸಾಲಿನಿಂದ ಒಬ್ಬಳು, “ಅಯ್ಯೋ, ಹಂಗಾ!” ಎಂದಳು. ಇನ್ನೊಬ್ಬಳು, “ಹಂಗಾರೆ ನಮ್ಮತ್ತೆಗೆ ನಡು ಬಿಡಿಸ್ಬೇಕು” ಎಂದು ನಗಿಸಿದಳು. ಗಾಳಿಯಾಡಲು ಕಾಫಿ ಗಿಡದ ನಡುವಿನ ಚಿಗುರು ತೆಗೆಯುತ್ತಾರಲ್ಲ, ಅದರ ಮಾತು. ಆಮೇಲೆ ಗಾಳಿಯಾಡಿಸಿ, ಒಣಗಿಸಿ ಎಂದೆಲ್ಲ ನಾನು ಹೇಳಿದೆ, ನಿಜ. ಆದರೆ ಅಷ್ಟರಲ್ಲಿ ನಗು ಎದ್ದಿತ್ತು, ಮಂಡಕ್ಕಿ ತಟ್ಟೆ ಬಂದಿತ್ತು. ಮಧ್ಯದ ಸಾಲಿನಲ್ಲಿ ಲಕ್ಕಮ್ಮ ಮಾತ್ರ ನಗದೆ, ನನ್ನ ಬಾಯಿಯನ್ನೇ ನೋಡುತ್ತ ಕೂತಿದ್ದರು. ಇಷ್ಟು ವರ್ಷದಲ್ಲಿ ಇದೇ ಮೊದಲು ಒಬ್ಬರಾದರೂ ನನ್ನ ಮಾತನ್ನು ಮನಸ್ಸಿಟ್ಟು ಕೇಳಿದರು ಎಂದು ಉಬ್ಬಿಹೋದೆ. ಮನೆಗೆ ಬಂದು ಗಂಡನಿಗೂ ಹೇಳಿಕೊಂಡೆ.

ಐದಾರು ದಿನಕ್ಕೆ ತಿಮ್ಮೇಗೌಡರು ಬೆಳಿಗ್ಗೆಯೇ ಯಾರದೋ ಜೀಪು ಮಾಡಿಕೊಂಡು ಬಂದರು. ಅವರದು ಹತ್ತು ಕೇಳಿದರೆ ಒಂದು ಹೇಳುವ ಜಾತಿ. “ನರ್ಸಮ್ಮ, ಒಸಿ ಬರ್ಬೇಕು. ನಮ್ಮವಳು ಎದ್ದೇಳ್ತಾ ಇಲ್ಲ” ಎಂದು ಅಷ್ಟೇ ಹೇಳಿದರು.

ಲಕ್ಕಮ್ಮ ಚಾಪೆಯ ಮೇಲೆ ಎರಡು ಕೈಯನ್ನೂ ಮೈಯಿಂದ ದೂರ ಇಟ್ಟುಕೊಂಡು, ಉಸಿರನ್ನು ಬಿಗಿಹಿಡಿದು ಮಲಗಿದ್ದರು. ಗಂಡನನ್ನು ಹೊರಗೆ ಕಳಿಸಿ ಮೇಲಿನ ಬಟ್ಟೆ ಎತ್ತಿದೆ. ಅಮ್ಮಾ! ನಾನು ಹಿಂದಕ್ಕೆ ಕೂತುಬಿಟ್ಟೆ. ಎದೆಯ ಕೆಳಗೆ, ಹೊಟ್ಟೆಯ ಮಡಿಕೆಯಲ್ಲಿ, ಕಂಕುಳಲ್ಲಿ ನೀಲಿ. ಆಕಾಶದ ನೀಲಿ. ಗಟ್ಟಿಯಾಗಿ ಬಳಿದು ಒಣಗಿ ಬಿರುಕು ಬಿಟ್ಟಿದೆ, ಬಿರುಕಿನೊಳಗೆ ಕೆಂಪು ಮಾಂಸ ಕಾಣುತ್ತಿದೆ.

“ಏನ್ ಲಕ್ಕಮ್ಮಾ ಇದು?”

“ಮೈಲುತುತ್ತ” ಎಂದರು.

ಅವರೇ ಮುಂದುವರಿಸಿದರು. “ನೀವೇ ಅಂದ್ರಲ್ಲ, ಕೊಳೆರೋಗ ಅಂತ. ಕೊಳೆರೋಗಕ್ಕೆ ನಾವು ಹೊಡೆಯೋದು ಅದನ್ನೇ ಅಲ್ವಾ? ನೀರಾಗಿ ಹುಯ್ಕಂಡ್ರೆ ಇಳ್ದೋಗ್ತೈತೆ ಅಂತ, ಬುಡಕ್ಕೆ ಬಳಿಯೋ ಹಂಗೆ ಗಟ್ಟಿಗೆ ಕಲಸ್ದೆ. ತಪ್ಪು ಮಾಡ್ಲಿಲ್ಲ ಕಣ್ರೀ, ಸುಣ್ಣ ಸರಿಯಾಗೇ ಹಾಕಿದ್ದೆ. ಕತ್ತಿ ಅದ್ದಿ ನೋಡ್ದೆ, ಅಲಗು ಕೆಂಪಾಗ್ಲಿಲ್ಲ. ಹದ ಸರಿಯಾಗೇ ಇತ್ತು.”

ಕಾಫಿ ಬೆಳೆಯದ ಊರಿನವರಿಗೆ ಹೇಳಬೇಕು. ಮೈಲುತುತ್ತ ಎಂದರೆ ತಾಮ್ರದ ನೀಲಿ ಉಪ್ಪು, ಕೊಳೆರೋಗಕ್ಕೆ ಅದರ ನೀರಿಗೆ ಸುಣ್ಣದ ನೀರು ಸೇರಿಸಿ ಗಿಡಕ್ಕೆ ಸಿಂಪಡಿಸುತ್ತಾರೆ. ಸುಣ್ಣ ಕಮ್ಮಿಯಾದರೆ ಎಲೆ ಸುಡುತ್ತದೆ. ಅದಕ್ಕೆ ಹೊಳೆಯುವ ಕತ್ತಿಯನ್ನು ಅದ್ದಿ ನೋಡುತ್ತಾರೆ, ತಾಮ್ರದ ಬಣ್ಣ ಹಿಡಿದರೆ ಇನ್ನಷ್ಟು ಸುಣ್ಣ ಹಾಕುತ್ತಾರೆ. ಎಲೆ ಸುಡಬಾರದೆಂದು ಮಾಡುವ ಅಷ್ಟೂ ಪರೀಕ್ಷೆಯನ್ನು ಆ ತಾಯಿ ತಪ್ಪದೆ ಮಾಡಿ ತನ್ನ ಮೈ ಸುಟ್ಟುಕೊಂಡಿದ್ದರು.

“ಉರಿಯಲಿಲ್ವೇನ್ರೀ?” ಎಂದೆ.

“ಉರೀತು. ಜೀವ ಹೋಗೋ ಹಂಗೆ ಉರೀತು. ಉರಿದ್ರೆ ಒಳ್ಳೇದು ಅಂದಿದ್ರಲ್ಲ ನೀವು, ಹಲ್ಲು ಕಚ್ಕಂಡು ಮೂರು ದಿನ ತಡ್ಕಂಡೆ.”

ಜೀಪಿನಲ್ಲಿ ಸಕಲೇಶಪುರ ಮುಟ್ಟುವವರೆಗೂ ನಾನು ಒಂದು ಮಾತಾಡಲಿಲ್ಲ. ಮಾತಾಡುತ್ತಲೇ ಇರು ಎಂದು ಕಲಿಸಿದ್ದರಲ್ಲ, ಅವತ್ತು ಮಾತೇ ಇರಲಿಲ್ಲ. ನನ್ನ ನಾಲಿಗೆ ಕತ್ತರಿಸಿ ಹಾಕಬೇಕು ಅನ್ನಿಸುತ್ತಿತ್ತು. ರಸ್ತೆಯ ಗುಂಡಿಗೆ ಜೀಪು ಕುಕ್ಕಿದಾಗಲೆಲ್ಲ ಲಕ್ಕಮ್ಮ ನನ್ನ ಮೊಣಕೈ ಹಿಸುಕುತ್ತಿದ್ದರು.

ಅಲ್ಲಿದ್ದ ವಯಸ್ಸಾದ ಡಾಕ್ಟರು ಗಾಯ ನೋಡಿದರು, ನನ್ನನ್ನು ನೋಡಿದರು. ನಡೆದದ್ದನ್ನೆಲ್ಲ ಒಪ್ಪಿಕೊಂಡೆ. ಬೈಯುತ್ತಾರೆ, ಮೇಲಿನವರಿಗೆ ಬರೆಯುತ್ತಾರೆ ಎಂದು ಕಾದೆ. ಅವರು ಬೈಯಲಿಲ್ಲ. ಗಾಯ ತೊಳೆಯಲು ಹೇಳಿ, “ಬಾಯಾರಿಕೆ ಜಾಸ್ತಿನಾ ತಾಯಿ? ಒಂದಕ್ಕೆ ಹೋಗೋದು ಜಾಸ್ತಿನಾ?” ಎಂದು ಲಕ್ಕಮ್ಮನನ್ನು ಕೇಳಿದರು. ಎರಡೂ ಹೌದೆಂದರು ಲಕ್ಕಮ್ಮ. ಡಾಕ್ಟರು ನನ್ನ ಕಡೆ ತಿರುಗಿದರು.

“ಉಚ್ಚೆ ಪರೀಕ್ಷೆ ಮಾಡಿದ್ರಾ ಸಿಸ್ಟರ್?”

“ಇಲ್ಲ ಸಾರ್. ಅವರು ಬಸುರಿ ಅಲ್ಲವಲ್ಲ.”

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಸಕ್ಕರೆ ಖಾಯಿಲೆ ಬರೋದಕ್ಕೆ ಬಸುರಿ ಆಗ್ಬೇಕಾ?”

ನನ್ನ ಚೀಲದಲ್ಲೇ ಇತ್ತು. ಗಾಜಿನ ಕೊಳವೆ, ಸ್ಪಿರಿಟ್ ದೀಪ, ಸಕ್ಕರೆ ಪರೀಕ್ಷೆಯ ನೀಲಿ ದ್ರಾವಣ, ಎಲ್ಲವನ್ನೂ ಹೊತ್ತುಕೊಂಡೇ ಲಕ್ಕಮ್ಮನ ಮನೆಯ ಮುಂದೆ ವಾರಕ್ಕೆರಡು ಸಲ ಓಡಾಡಿದ್ದೆ. ರಿಜಿಸ್ಟರಿನಲ್ಲಿ ಆ ಕಾಲಂ ಇದ್ದದ್ದು ಗರ್ಭಿಣಿಯರ ಪುಟದಲ್ಲಿ ಮಾತ್ರ. ಬೇರೆಯವರಿಗೂ ಮಾಡಬಹುದು ಎಂದು ನನ್ನ ತಲೆಗೆ ಬಂದೇ ಇರಲಿಲ್ಲ! ಡಾಕ್ಟರು ನನ್ನ ಕೈಯಲ್ಲೇ ಮಾಡಿಸಿದರು. ನೀಲಿ ಕುದಿಯುತ್ತ ಹಸಿರಾಯಿತು, ಹಳದಿಯಾಯಿತು, ನೋಡನೋಡುತ್ತಿದ್ದಂತೆ ಇಟ್ಟಿಗೆಯ ಕೆಂಪಾಯಿತು. “ಅದರಲ್ಲಿರೋದೂ ಮೈಲುತುತ್ತಾನೇ ಸಿಸ್ಟರ್. ಕೊಳವೇಲಿ ಹಾಕಿದ್ರೆ ಸಾಕಿತ್ತು” ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ಬೈದಿದ್ದರೇ ಚೆನ್ನಾಗಿತ್ತು.

ಲಕ್ಕಮ್ಮ ಹತ್ತು ದಿನ ಅಲ್ಲೇ ಇದ್ದರು. ಸಕ್ಕರೆಗೆ ಗುಳಿಗೆ ಶುರುವಾಯಿತು. ಸುಟ್ಟದ್ದು ಮಾಯುತ್ತ ಬಂದಂತೆ ಡಾಕ್ಟರು ಕಲಿಸಿದ್ದು ನಾನು ಅಷ್ಟು ವರ್ಷ ಹೇಳಿದ್ದಕ್ಕೆ ಪೂರ್ತಿ ತಿರುಗುಮುರುಗು. ದಿನಕ್ಕೆ ಒಂದೇ ಸ್ನಾನ. ಬಟ್ಟೆ ಸೋಪು, ನಾರು ಮುಟ್ಟಕೂಡದು. ಸ್ನಾನವಾದ ಮೇಲೆ ಮಡಿಕೆ ಎತ್ತಿ, ಉಜ್ಜದೆ, ಹತ್ತಿ ಬಟ್ಟೆಯಿಂದ ಒತ್ತಿ ಒತ್ತಿ ಒರೆಸಿ, ಬೀಸಣಿಗೆಯಿಂದ ಗಾಳಿ ಹಾಕಿಕೊಳ್ಳಬೇಕು. ಹಳೇ ಪಂಚೆಯ ಮೆತ್ತನೆಯ ತುಂಡನ್ನು ಮಡಿಕೆಯ ಸಂದಿನಲ್ಲಿ ಇಟ್ಟು, ಹಸಿಯಾದ ಕೂಡಲೇ ಬದಲಿಸಬೇಕು. ಪೌಡರ್ ಸುರಿದುಕೊಂಡರೆ ಬೆವರಿಗೆ ಕಲಸಿ ಹಿಟ್ಟಾಗುತ್ತದೆ, ಅದೂ ಬೇಡ. ಒಳಬಟ್ಟೆ ಬಿಸಿಲಿಗೆ, ಬಿಸಿಲಿಲ್ಲದಿದ್ದರೆ ಒಲೆಯ ಮುಂದಕ್ಕೆ.

ಮನೆಗೆ ಬಂದ ಮೇಲೆ ಒಲೆಯ ಮುಂದೆ ರವಿಕೆ ಹರವುವುದಕ್ಕೆ ಲಕ್ಕಮ್ಮ ಒಪ್ಪಲಿಲ್ಲ. “ಗಂಡಸ್ರು ಓಡಾಡೋ ಜಾಗ, ನನ್ ಮರ್ಯಾದೆ ಏನಾಗ್ಬೇಕು” ಎಂದು ಹಟ ಹಿಡಿದರು. ಮಾರನೆಯ ದಿನ ನಾನು ಹೋದಾಗ ತಿಮ್ಮೇಗೌಡರು ಬಿದಿರಿನ ಕುಕ್ಕೆಯನ್ನು ಕೆಂಡದ ಮೇಲೆ ಬೋರಲು ಹಾಕಿ, ಹೆಂಡತಿಯ ರವಿಕೆಗಳನ್ನು ಅದರ ಮೇಲೆ ಹರವಿ, ಒಂದೊಂದನ್ನೇ ಮಗುಚುತ್ತ ಕೂತಿದ್ದರು. ಪಕ್ಕದಲ್ಲೇ ನೆಂಟರೊಬ್ಬರು ಕಾಫಿ ಕುಡಿಯುತ್ತಿದ್ದರು! “ಏನ್ ಗೌಡ್ರೇ” ಎಂದೆ. “ಒಣಗ್ಬೇಕಲ್ಲ ನರ್ಸಮ್ಮ” ಎಂದರು. ಅಷ್ಟೇ. ಲಕ್ಕಮ್ಮ ಒಳಗಿನಿಂದ ಗಂಡನಿಗೆ ಹಾಕಿದ ಶಾಪ ನಾನಿಲ್ಲಿ ಹೇಳುವ ಹಾಗಿಲ್ಲ.

ಒಂದೂವರೆ ತಿಂಗಳಿಗೆ ವಾಸನೆ ಪೂರ್ತಿ ಹೋಯಿತು. ಬರೀ ಕಲೆ ಉಳಿಯಿತು, ಅಲ್ಲಲ್ಲಿ ನೀಲಿ ಛಾಯೆಯ ಕಲೆ. ಮಗಳಿಗೆ ಏಳು ತುಂಬುತ್ತ ಬಂದಿತ್ತು. ಹಸಿರು ಬಳೆ, ಸೀರೆ, ಮಡಲಕ್ಕಿ ಎಲ್ಲ ಸಿದ್ಧವಾಗಿದ್ದರೂ ಲಕ್ಕಮ್ಮ ಹೊರಡಲೊಲ್ಲರು. “ಮತ್ತೆ ಬರಲ್ಲ ಅಂದ್ಬುಟ್ರೆ?” ಎಂದು ಅದೇ ಮಾತು. “ನಾನೂ ಬರ್ತೀನಿ ನಡೀರಿ, ಅದು ಹೇಗೆ ಬರಲ್ಲ ಅಂತಾಳೆ ನೋಡೋಣ” ಎಂದು ರಜೆ ಹಾಕಿ ಹೊರಟೆ. ಬಸ್ಸಿನಲ್ಲಿ ನಾಲ್ಕು ಸಲ ನನ್ನನ್ನು ಕೇಳಿದರು, “ಬರ್ತೈತಾ ನರ್ಸಮ್ಮ? ನಿಜ ಹೇಳಿ.” ನಾಲ್ಕು ಸಲವೂ ಇಲ್ಲ ಎಂದೆ. ಆ ಸಲ ಅದು ನಿಜವೇ ಆಗಿತ್ತು.

ಸುಮಿತ್ರಾ ಕೋಣೆಯ ಕಿಟಕಿಯ ಹತ್ತಿರ ಕೂತಿದ್ದಳು. ತಾಯಿಯ ಹಾಗೇ ತುಂಬು ಮೈ. ಲಕ್ಕಮ್ಮ ಬಳೆಯ ಪೊಟ್ಟಣ ಹಿಡಿದು ಎರಡು ಹೆಜ್ಜೆ ಇಟ್ಟರು. ಹುಡುಗಿ ಗೋಡೆಗೆ ಸರಿದಳು. “ಅಲ್ಲೇ ಕೂತ್ಕೊಳವ್ವ. ಹತ್ರ ಬರ್ಬ್ಯಾಡ.”

ಲಕ್ಕಮ್ಮ ಅಲ್ಲೇ ನಿಂತರು. ಕೈಯಲ್ಲಿದ್ದ ಪೊಟ್ಟಣ ಕೆಳಗಿಟ್ಟು ತಮ್ಮ ಸೆರಗನ್ನು ಮೂಸಿ ನೋಡಿಕೊಂಡರು. ಅದನ್ನು ನೋಡಿ ನನ್ನ ಪಿತ್ತ ನೆತ್ತಿಗೇರಿತು. ಬಸುರಿ ಎಂಬುದನ್ನೂ ಮರೆತು ಬೈದೆ.

“ಏನಮ್ಮಾ ಸುಮಿತ್ರಾ, ಇಷ್ಟು ಸೊಕ್ಕು ಒಳ್ಳೇದಲ್ಲ. ವಾಸನೆ ಹೋಗ್ಲಿ ಅಂತ ನಿಮ್ಮವ್ವ ಮೈಯೆಲ್ಲ ಸುಟ್ಕೊಂಡಿದ್ದಾರೆ. ಈಗ ವಾಸನೆ ಇಲ್ಲ, ಬೇಕಾದ್ರೆ ಮೂಸಿ ನೋಡು. ಇನ್ನೂ ಹೇಸಿಗೆ ಪಡ್ತೀಯಲ್ಲ, ಹೆತ್ತವಳು ಕಣೇ!”

ಹುಡುಗಿ ಒಮ್ಮೆ ನನ್ನನ್ನು, ಒಮ್ಮೆ ತಾಯಿಯನ್ನು ನೋಡಿದಳು. ಅವಳ ಮುಖದಲ್ಲಿ ಸೊಕ್ಕಿರಲಿಲ್ಲ. ಏನೂ ಅರ್ಥವಾಗಿರಲಿಲ್ಲ.

“ಯಾವ ವಾಸ್ನೆ?” ಎಂದಳು. “ಅವ್ವಂಗೆ ಎಂಥ ವಾಸ್ನೆ?”

“ನೀನೇ ಅಲ್ವಾ ಆಚೆ ಮಲಿಕ್ಕೋ ಅಂದಿದ್ದು” ಎಂದರು ಲಕ್ಕಮ್ಮ.

“ಅದು ನಂದಲ್ವಾ?” ಎಂದಳು ಹುಡುಗಿ. “ನಾರೋಳು ನಾನಲ್ವಾ ಅವ್ವ? ನಿಂಗೆ ಗೊತ್ತಾಗ್ಬುಡ್ತದೆ ಅಂತ ದೂರ ಮಲಗ್ಸಿದ್ದು. ಬಾಣಂತನಕ್ಕೆ ಬಂದ್ರೆ ನೀನೇ ನೀರು ಹುಯ್ತೀಯ, ಎಲ್ಲಾ ನೋಡ್ತೀಯ. ಅದುಕ್ಕೇ ಬರಲ್ಲ ಅಂದೆ. ಅತ್ತೆಗಾರೆ ಬ್ಯಾಡ, ನಾನೇ ಹುಯ್ಕತೀನಿ ಅನ್ನಬೌದು.”

ತಾಯಿಗೆ ತನ್ನದೇ ವಾಸನೆ, ಮಗಳಿಗೆ ತನ್ನದೇ ವಾಸನೆ. ಒಬ್ಬರದು ಇನ್ನೊಬ್ಬರಿಗೆ ಗೊತ್ತೇ ಇಲ್ಲ. ಎರಡೂವರೆ ತಿಂಗಳು ಈ ಹೆಂಗಸು ಅತ್ತದ್ದು, ಸುಟ್ಟುಕೊಂಡದ್ದು ಯಾತಕ್ಕೆ ಹಾಗಾದರೆ! ಮಗಳನ್ನು ಒಂದು ಮಾತು ಕೇಳಿ ನೋಡಿ ಎಂದು ನಾನಾದರೂ ಹೇಳಬಹುದಿತ್ತಲ್ಲ.

ಲಕ್ಕಮ್ಮ ಹೋಗಿ ಬಾಗಿಲ ಅಗುಳಿ ಹಾಕಿದರು. ಸೆರಗು ಇಳಿಸಿ, ರವಿಕೆ ಬಿಚ್ಚಿ, ಎದೆ ಎತ್ತಿ ಹಿಡಿದು ಮಗಳ ಮುಂದೆ ನಿಂತರು. “ನೋಡು” ಎಂದರು.

“ಇದೇನವ್ವಾ ನೀಲಿ?”

“ಮೈಲುತುತ್ತ.”

“ಕಾಫಿಗೆ ಬಳಿಯೋದಾ? ಯಾಕವ್ವಾ, ನಿಂಗೇನು ತಲೆ ಕೆಟ್ಟಿತ್ತಾ?”

“ನಿನ್ನ ಕರ್ಕಂಡು ಹೋಗ್ಬೇಕಿತ್ತಲ್ಲ” ಎಂದರು ಲಕ್ಕಮ್ಮ.

ಹುಡುಗಿ ಅತ್ತಳು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ. ಅವಳು ತಾನಾಗಿಯೇ ರವಿಕೆ ಬಿಚ್ಚಿದಳು. ತಾಯಿಗೆ ಮೊದಲಲ್ಲಿ ಹೇಗಿತ್ತೋ ಹಾಗೇ ಹಸಿ ಕೆಂಪು. ಅವಳ ಉಚ್ಚೆ ತರಿಸಿ, ಚೀಲದಿಂದ ಕೊಳವೆ ತೆಗೆದು ದೀಪ ಹಚ್ಚಿದೆ. ಅದೇ ಇಟ್ಟಿಗೆ ಕೆಂಪು! ಅವಳ ಬಸುರಿನ ತಪಾಸಣೆಯ ಕಾರ್ಡು ಕೇಳಿ ನೋಡಿದೆ. ನಾಲ್ಕು ಸಲ ತಪಾಸಣೆಯಾಗಿದೆ, ನಾಲ್ಕೂ ಸಲ ಒಂದೇ ಪೆನ್ನಿನಲ್ಲಿ ‘ಸಕ್ಕರೆ: ಇಲ್ಲ’ ಎಂದು ಬರೆದಿದೆ. “ಉಚ್ಚೆ ತಗೊಂಡು ನೋಡಿದ್ರಾ?” ಎಂದರೆ, “ಒಂದ್ಸಲಾನೂ ಕೇಳಿಲ್ಲ” ಎಂದಳು.

ಆ ನರ್ಸಿನ ಜುಟ್ಟು ಹಿಡಿದು ಕೇಳಿಬರಬೇಕು ಎಂದು ಎದ್ದೆ. ಎದ್ದವಳು ಕೂತೆ. ಸ್ಪಿರಿಟ್ ಮುಗಿದಿದ್ದ ದಿನ, ಮಳೆ ಹೊಡೆಯುತ್ತಿದ್ದ ದಿನ, ಬಸ್ಸು ತಪ್ಪುತ್ತದೆಂಬ ಅವಸರದ ದಿನ ನಾನೂ ಅದೇ ಎರಡು ಪದ ಬರೆದಿದ್ದೇನೆ. ಎಷ್ಟು ಸಲ, ಯಾರ ಕಾರ್ಡಿನಲ್ಲಿ, ದೇವರಿಗೇ ಗೊತ್ತು. ಅವರಲ್ಲಿ ಯಾರಿಗೆ ಏನಾಯಿತೋ. ಈಗ ನಿಮಗೆ ದೀಪ ಬೇಡ, ಕುದಿಸುವುದು ಬೇಡ, ಕಡ್ಡಿ ಅದ್ದಿದರೆ ಬಣ್ಣ ಬರುತ್ತದೆ, ಬೆರಳು ಚುಚ್ಚಿದರೆ ಅಂಕಿ ಬರುತ್ತದೆ. ಆದರೆ ನೋಡದೆ ‘ಇಲ್ಲ’ ಎಂದು ಬರೆಯುವುದು ಈಗಲೂ ಅಷ್ಟೇ ಸುಲಭ. ಬರೆಯಬೇಡಿ ಕಣ್ರಮ್ಮಾ, ನಿಮಗೆ ಕೈ ಮುಗಿಯುತ್ತೇನೆ.

ಅವತ್ತೇ ಹುಡುಗಿಯನ್ನು ಹಾಸನಕ್ಕೆ ಕರೆದುಕೊಂಡು ಹೋದೆವು. ದಿನಾ ಇಂಜೆಕ್ಷನ್, ಪಥ್ಯ. ಅಲ್ಲಿಯ ಡಾಕ್ಟರಮ್ಮ, ಇನ್ನೊಂದು ತಿಂಗಳು ಹೀಗೇ ಬಿಟ್ಟಿದ್ದರೆ ಮಗು ಹೊಟ್ಟೆಯಲ್ಲೇ ಹೋಗುತ್ತಿತ್ತು ಎಂದಾಗ ಲಕ್ಕಮ್ಮ ನನ್ನ ತೋಳು ಹಿಡಿದುಕೊಂಡರು. ದಿನ ತುಂಬುವ ಮೊದಲೇ ಆಪರೇಷನ್ ಮಾಡಿ ಮಗು ತೆಗೆದರು. ನಾಲ್ಕು ಕೆಜಿ ದಾಟಿದ ಹೆಣ್ಣುಮಗು. ಎರಡು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಆಮೇಲೆ ತಾಯಿಗೆ ಕೊಟ್ಟರು.

ಹೊಲಿಗೆ ಒಣಗಿದ ಮೇಲೆ ಬಾಣಂತಿಗೆ ಮೊದಲ ನೀರು ಹುಯ್ಯುವ ದಿನ ನಾನು ತಿಮ್ಮೇಗೌಡರ ಮನೆಗೆ ಹೋಗಿದ್ದೆ. ಮಗು ಗೌಡರ ಮಡಿಲಲ್ಲಿ ನಿದ್ದೆ ಮಾಡುತ್ತಿತ್ತು. ಬಚ್ಚಲು ಮನೆಯ ಬಾಗಿಲು ಮುಚ್ಚಿತ್ತು, ಒಳಗೆ ತಾಯಿ ಮಗಳು ಇದ್ದರು. ಹಂಡೆಯ ನೀರು ಹುಯ್ದ ಸದ್ದು ನಿಂತಿತು. ಲಕ್ಕಮ್ಮನ ದೊಡ್ಡ ದನಿ ಹೊರಗಿನವರೆಗೂ ಕೇಳುತ್ತಿತ್ತು.

“ಎತ್ತೇ ಕೈಯ್ಯ, ಒರೆಸ್ಬೇಕು.”

“ಬ್ಯಾಡ ಕಣವ್ವ, ನಾನೇ ಒರೆಸ್ಕತೀನಿ.”

“ಎತ್ತು ಅಂದ್ರೆ.”

ಆಮೇಲೆ ಸುಮಿತ್ರಾ ಸಣ್ಣ ದನಿಯಲ್ಲಿ ಕೇಳಿದಳು, “ಇನ್ನೂ ವಾಸ್ನೆ ಬರ್ತೈತಾ ಅವ್ವ?”

ಇಲ್ಲ ಎನ್ನುತ್ತಾರೆ ಎಂದುಕೊಂಡೆ. ನಾನಾಗಿದ್ದರೆ ಹಾಗೇ ಅನ್ನುತ್ತಿದ್ದೆ.

“ಒಸಿ ಬರ್ತೈತೆ” ಎಂದರು ಲಕ್ಕಮ್ಮ. “ನಾಳೀಕೆ ಇನ್ನೂ ಕಮ್ಮಿ ಆಗ್ತೈತೆ. ಆ ಕೈನೂ ಎತ್ತು.”